ಕಾಡು ಕಡಿದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

‘ಕಾಡನ್ನು ಕಡಿಯಲಾಯಿತು.’ ಈ ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಕಡಿದವರು ಯಾರು? ಕರ್ಮಣಿ ಪ್ರಯೋಗ ಅವರನ್ನು ಹಿತ್ತಿಲ ಬಾಗಿಲಿಂದ ಮೆಲ್ಲಗೆ ದಾಟಿಸಿಬಿಟ್ಟಿದೆ. ಇದನ್ನೇ ಕರ್ತರಿಗೆ ತಿರುಗಿಸಿ ಎಂದರೆ ವಿದ್ಯಾರ್ಥಿಗಳ ಪೆನ್ನು ಗಕ್ಕನೆ ನಿಲ್ಲುತ್ತದೆ. ಯಾರ ಹೆಸರು ಬರೆಯುವುದು? ಕೊಡಲಿ ಹಿಡಿದವನದೋ, ಪರವಾನಗಿ ಕೊಟ್ಟವರದೋ, ಆ ಮರದಿಂದಾದ ಕಾಗದದ ಮೇಲೆ ಈಗ ಬರೆಯುತ್ತಿರುವ ತಮ್ಮದೋ?

ವಿಶ್ವವಿದ್ಯಾಲಯಗಳಲ್ಲಿ ಸುಸ್ಥಿರ ಅಭಿವೃದ್ಧಿಯನ್ನು ಪರಿಸರ ವಿಜ್ಞಾನದವರಿಗೋ ಅರ್ಥಶಾಸ್ತ್ರದವರಿಗೋ ಬಿಟ್ಟು, ಭಾಷೆ ಕಲಿಸುವ ನಾವು ಆರಾಮಾಗಿರುತ್ತೇವೆ. ಹೆಚ್ಚೆಂದರೆ ಪರಿಸರ ದಿನಕ್ಕೊಂದು ಪ್ರಬಂಧ ಸ್ಪರ್ಧೆ. ಆದರೆ ‘ಸುಸ್ಥಿರ’ ಎನ್ನುವುದು ಮೊದಲಿಗೆ ಒಂದು ಪದ ತಾನೆ?

ಈಗ ಜರ್ಮನಿಯಲ್ಲಿರುವ ಸ್ಯಾಕ್ಸನಿಯ ಗಣಿ ಅಧಿಕಾರಿ ಕಾರ್ಲೋವಿಟ್ಸ್ 1713ರಲ್ಲಿ, ಗಣಿಗೂ ಕುಲುಮೆಗೂ ಮರ ಸಾಲದೆ ಬಂದ ಕಾಲದಲ್ಲಿ, ಕಾಡು ಮತ್ತೆ ಬೆಳೆಯುವ ಲೆಕ್ಕ ಇಟ್ಟುಕೊಂಡೇ ಕಡಿಯಬೇಕು ಎಂದು ಬರೆದ. ಅವನು ಬಳಸಿದ ಮಾತೇ ಬೆಳೆದು ಇಂದಿನ ಜರ್ಮನ್ನಿನ ‘ನಾಖ್‌ಹಾಲ್ಟಿಗ್‌ಕೈಟ್’ ಆಗಿದೆ; ಬಿಡಿಸಿದರೆ ‘ಆಮೇಲೆ’, ‘ಹಿಡಿದಿಡು’ ಎರಡೂ ಅದರೊಳಗಿವೆ. ಫ್ರೆಂಚಿನವರು ‘ದ್ಯುರಾಬ್ಲ್’ ಎನ್ನುತ್ತಾರೆ, ಬಾಳಿಕೆ ಬರುವಂಥದ್ದು. ನಮ್ಮ ‘ಸುಸ್ಥಿರ’ ಚೆನ್ನಾಗಿ ನಿಂತಿದೆ, ನಿಜ. ಆದರೆ ನಾಳೆ ಬರುವವರ ಸುಳಿವು ಅದರಲ್ಲಿ ನನಗೆ ಕಾಣುವುದಿಲ್ಲ. ಸುಸ್ಥಿರ ಅಭಿವೃದ್ಧಿ ಎಂದರೇನೆಂದು ಹೇಳಿದ, ವಿಶ್ವಸಂಸ್ಥೆಯ ಆಯೋಗದ 1987ರ ಬ್ರಂಟ್‌ಲ್ಯಾಂಡ್ ವರದಿಯ ಒತ್ತು ಇದ್ದದ್ದೇ ಅಲ್ಲಿ: ಇಂದಿನವರ ಅಗತ್ಯ ನೀಗಬೇಕು, ಮುಂದಿನವರ ಅಗತ್ಯಕ್ಕೆ ಕುತ್ತು ಬರಬಾರದು. ಮೂರು ಪದಗಳನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ನಿಂತರೆ ಸಾಕು, ಪಿರಿಯಡ್ ಮುಗಿದದ್ದೇ ತಿಳಿಯುವುದಿಲ್ಲ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದು ಶಿಕ್ಷಣ. ಜೀವನಪರ್ಯಂತ ಕಲಿಕೆಯ ಮಾತು ಆ ಗುರಿಯಲ್ಲೇ ಇದೆ. ಅದರ ಬೆಲೆ ನನಗೆ ಗೊತ್ತಾದದ್ದು ಒಂದು ಸಂಜೆ ತರಗತಿಯಲ್ಲಿ. ‘ನೀವು ರಿಪೇರಿ ಮಾಡಿದ ಒಂದು ವಸ್ತು’ ಅಂತ ಕೊಟ್ಟಿದ್ದೆ, ಕಲಿಯುತ್ತಿರುವ ಭಾಷೆಯಲ್ಲೇ ಹೇಳಬೇಕು. ಹುಡುಗರು ಮುಖ ಮುಖ ನೋಡಿಕೊಂಡರು. ನಿವೃತ್ತರಾದ ಒಬ್ಬ ಹೆಂಗಸು ಕೊಡೆಯ ಕತೆ ತೆಗೆದರು. ಕಡ್ಡಿಗೆ ತಂತಿ ಸುತ್ತಿದ್ದು, ಬಟ್ಟೆಗೆ ತೇಪೆ ಹಾಕಿದ್ದು. ‘ತೇಪೆ’ ಬಂದಲ್ಲಿ ಮಾತು ತಡೆಯಿತು. ಹುಡುಗರು ಫೋನಿನಲ್ಲಿ ಪದ ಹುಡುಕಿಕೊಟ್ಟರು. ತೇಪೆ ಹಾಕುವುದು ಹೇಗೆಂದು ಮಾತ್ರ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಹೆಂಗಸೇ ಸೆರಗಿನ ಅಂಚು ಮಡಚಿ ತೋರಿಸಿದರು.

ಮುಂದಿನ ವಾರ ಒಬ್ಬ ಹುಡುಗ ಮುರಿದ ಕೊಡೆ ಹಿಡಿದು ಬಂದ. ಅವತ್ತು ಮಳೆಯೇನೂ ಇರಲಿಲ್ಲ.