ಕಾಡಿಗೆ ಹೊರಡುವ ಮುನ್ನ ಎಣ್ಣೆ ಹಚ್ಚಿಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಕೊಯ್ಲು ಮುಗಿಯುತ್ತ ಬಂದಿದೆ. ಇನ್ನು ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋಗುವ ಕಾಲ. ಮಂಗನ ಕಾಯಿಲೆಯ ಕಾಲವೂ ಇದೇ. ನಾನು ಹೇಳಲು ಬಂದದ್ದು ಒಂದೇ ಮಾತು: ಕಾಡಿಗೆ ಹೊರಡುವ ಮುನ್ನ, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಈ ರೋಗ ಪತ್ತೆಯಾಯಿತು. ಪಾಪ, ಮಂಗ ನಮ್ಮ ಹಾಗೆಯೇ ರೋಗಕ್ಕೆ ಸಿಕ್ಕಿ ನರಳುವ ಪ್ರಾಣಿ. ರೋಗ ಹರಡುವುದು ಉಣುಗು. ಡಿಸೆಂಬರಿನಿಂದ ಮೇ ತನಕ ಅದರ ಮರಿಗಳು ಒಣಗಿದ ಎಲೆಗಳಲ್ಲಿ ತುಂಬಿರುತ್ತವೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ. ದಯವಿಟ್ಟು ರೋಗಿಯನ್ನು ದೂರ ಇಡಬೇಡಿ.

ಕೊಪ್ಪ ತಾಲ್ಲೂಕಿನ ಒಂದು ಮನೆಗೆ ಆಶಾ ಕಾರ್ಯಕರ್ತೆಯ ಜೊತೆ ಹೋಗಿದ್ದೆ. ಜಗಲಿಯ ಗೂಡಿನಲ್ಲಿ ಡೆಪಾ ಬಾಟಲಿ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಮನೆಯ ಅಜ್ಜಿಯನ್ನು ಕೇಳಿದೆ. "ಮೈಯೆಲ್ಲ ಜಿಡ್ಡಾಗುತ್ತದೆ ಡಾಕ್ಟ್ರೇ. ಉಣುಗು ಇವತ್ತು ನಿನ್ನೆಯದೇ? ಹುಟ್ಟಿದಾಗಿನಿಂದ ಕಚ್ಚಿಸಿಕೊಂಡಿದ್ದೇನೆ" ಎಂದರು. ವಾದ ಮಾಡಲಿಲ್ಲ. ಒಂದು ಬಿಳಿ ಬಟ್ಟೆ ಕೇಳಿ ಪಡೆದು, ಮನೆಯ ಹಿಂದಿನ ಕಾಡಂಚಿನಲ್ಲಿ ದರಗಿನ ಮೇಲೆ ನಿಧಾನವಾಗಿ ಎಳೆದುಕೊಂಡು ಹೋದೆ. ನಮ್ಮ ಸಮೀಕ್ಷೆಯವರು ಉಣುಗು ಹಿಡಿಯುವ ರೀತಿಯೇ ಅದು. ಬಟ್ಟೆ ಮಗುಚಿ ಹಿಡಿದಾಗ ಧೂಳಿನ ಕಣದಂತಹ ಚುಕ್ಕೆಗಳು ಕಂಡವು. ಅಜ್ಜಿ ಕನ್ನಡಕ ತರಿಸಿಕೊಂಡು ಬಗ್ಗಿ ನೋಡಿದರು. ಚುಕ್ಕೆಗಳು ನಡೆಯುತ್ತಿದ್ದವು. "ಕೂಸೇ, ಆ ಬಾಟಲಿ ತೆಗೆದುಕೊಂಡು ಬಾ" ಎಂದು ಮೊಮ್ಮಗಳನ್ನು ಕೂಗಿದರು.

ಆಮೇಲೆ ಅಜ್ಜಿ ಮಾಡಿದ ಕೆಲಸವನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಬಾಟಲಿಯನ್ನು ಗೂಡಿನಿಂದ ತೆಗೆದು, ಕತ್ತಿ ನೇತುಹಾಕುವ ಮೊಳೆಯ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕಿದರು. ಕತ್ತಿ ಬೇಕಾದವರ ಕೈಗೆ ಎಣ್ಣೆ ತಾಗಲೇಬೇಕು! ಕೈ, ಕಾಲು, ಕುತ್ತಿಗೆ, ಮಂಡಿಯ ಹಿಂಭಾಗ, ಎಲ್ಲ ಕಡೆಗೂ ಹಚ್ಚಿದ ಮೇಲೆಯೇ ಅಂಗಳ ದಾಟುವುದು. ಕಣ್ಣು ಬಾಯಿಗೆ ಮಾತ್ರ ತಾಗಿಸಬೇಡಿ.

ಜಿಡ್ಡು ಎನ್ನುವವರನ್ನು ಕೇಳುತ್ತೇನೆ: ಹಚ್ಚದೆ ಇನ್ನೇನು ಮಾಡುತ್ತೀರಿ? ಈ ರೋಗವನ್ನೇ ಗುಣಪಡಿಸುವ ಔಷಧಿ ಇಲ್ಲ. ಹಳೆಯ ಲಸಿಕೆ 2022ರಲ್ಲಿ ನಿಂತಿತು. ಕೈಯಲ್ಲಿರುವುದು ಎಣ್ಣೆ. ಹಚ್ಚಿಕೊಳ್ಳಿ.

ಸಮಯ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮನೆಗೆ ಬಂದೊಡನೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ. ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಉಣುಗು ಕಚ್ಚಿಕೊಂಡಿದ್ದರೆ ಬೆರಳಿನಿಂದ ಹಿಸುಕಬೇಡಿ, ಚಿಮಟದಿಂದ ತೆಗೆಯಿರಿ. ದನಗಳ ಮೈಯಲ್ಲೂ ಅದು ಮನೆಗೆ ಬರುತ್ತದೆ, ಪಶುವೈದ್ಯರನ್ನು ಕೇಳಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಮಲಗಬೇಡಿ. ಕೆಲವು ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಬಾಯಿಬಿಟ್ಟು ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೇ ತಿಳಿಸಿ.

ಬಾಟಲಿ ಮುಗಿದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ದುಡ್ಡು ಕೊಡಬೇಕಾಗಿಲ್ಲ. ನಾಳೆ ದರಗಿಗೆ ಹೋಗುವವರು ಇವತ್ತೇ ಕೇಳಿ ಇಟ್ಟುಕೊಳ್ಳಿ. ನಮಸ್ಕಾರ.