ಒಂದು ಸೈಡಿಗೆ 30 ನಿಮಿಷ

ಕೇಳುಗರಿಗೆ ನಮಸ್ಕಾರ.

‘ಹಾಡು ತುಂಬಿಸುವುದು’ ಎಂಬ ಮಾತು ಈಗ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಎಸ್.ಪಿ. ರೋಡಿನಲ್ಲೋ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಖಾಲಿ ಕ್ಯಾಸೆಟ್ ಕೊಂಡು ತಂದು, ಬೇಕಾದ ಹಾಡುಗಳನ್ನು ಹೆಕ್ಕಿ ಜೋಡಿಸುವ ಆ ಕೆಲಸಕ್ಕೆ ಮೊದಲು ಬೇಕಾಗಿದ್ದದ್ದು ಕಾಗದ, ಪೆನ್ಸಿಲ್ಲು ಮತ್ತು ಸೆಕೆಂಡಿನ ಮುಳ್ಳಿರುವ ಗಡಿಯಾರ. ಟೇಪ್ ರೆಕಾರ್ಡರ್ ಆಮೇಲಿನ ಮಾತು.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಕ್ಯಾಸೆಟ್ಟಿನಲ್ಲಿ ರೀಲು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ಓಡುತ್ತದೆ. ಸಿ-60 ಎಂದರೆ ಸೈಡಿಗೆ 30 ನಿಮಿಷ, ಹತ್ತಿರ ಹತ್ತಿರ 86 ಮೀಟರ್ ರೀಲು. ನಾಲ್ಕೂವರೆ ನಿಮಿಷದ ಹಾಡುಗಳಾದರೆ ಆರು ಸಲೀಸಾಗಿ ಹಿಡಿಯುತ್ತವೆ. ಏಳನೆಯದನ್ನು ತುರುಕಿದರೆ ಕೊನೆಯ ಚರಣದಲ್ಲೇ ಬಟನ್ನು ಟಕ್ಕೆಂದು ಮೇಲೇಳುತ್ತದೆ. ಹಾಗಾಗಿ ಉಳಿದ ಎರಡು ಚಿಲ್ಲರೆ ನಿಮಿಷಕ್ಕೆ ಒಪ್ಪುವ ಪುಟ್ಟ ಭಾವಗೀತೆಯನ್ನೋ ವಾದ್ಯಸಂಗೀತದ ತುಣುಕನ್ನೋ ಹುಡುಕಬೇಕಿತ್ತು. ಮೊದಲ ಆರು ಹಾಡು ಯಾರಾದರೂ ಆರಿಸಿಯಾರು. ಆ ಎರಡು ನಿಮಿಷ ತುಂಬಲು ನೂರಾರು ಹಾಡಿನ ಪರಿಚಯ ಬೇಕು. ಒಳ್ಳೆಯ ಕ್ಯಾಸೆಟ್ಟಿನ ಗುರುತು ಅಲ್ಲಿತ್ತು.

ಹೆಚ್ಚು ಹಾಡು ಹಿಡಿಯುತ್ತದೆಂದು ಸಿ-120 ಕೊಂಡವರು ಪೇಚಾಡಿದ್ದೇ ಹೆಚ್ಚು. ಅದೇ ಡಬ್ಬಿಯಲ್ಲಿ ಉದ್ದದ ರೀಲು ಕೂರಬೇಕೆಂದರೆ ರೀಲು ತೆಳ್ಳಗಾಗಲೇಬೇಕು. ಸಿ-90ರಲ್ಲಿ ಅದರ ದಪ್ಪ ಸುಮಾರು 12 ಮೈಕ್ರಾನ್, ಸಿ-120ರಲ್ಲಿ ಸುಮಾರು 9. ಅಷ್ಟು ತೆಳುವಾದದ್ದು ಹಿಗ್ಗುತ್ತದೆ, ಸುಕ್ಕಾಗುತ್ತದೆ, ರೋಲರ್‌ಗೆ ಸುತ್ತಿಕೊಳ್ಳುತ್ತದೆ.

ಇನ್ನು ತುಂಬಿಸುವ ಬಗೆ. ರೀಲಿನ ತುದಿಯಲ್ಲಿರುವ ಪಾರದರ್ಶಕ ಪಟ್ಟಿಗೆ ಲೇಪನವಿಲ್ಲ, ಅದರ ಮೇಲೆ ಏನೂ ಅಚ್ಚಾಗುವುದಿಲ್ಲ. ಪೆನ್ಸಿಲ್ ತೂರಿಸಿ, ಕಂದು ಬಣ್ಣ ಕಾಣುವವರೆಗೆ ತಿರುಗಿಸಿಯೇ ಕ್ಯಾಸೆಟ್ ಹಾಕಬೇಕು. ಮರೆತರೆ ಮೊದಲ ಹಾಡಿನ ಪಲ್ಲವಿಗೆ ತಲೆಯೇ ಇರುವುದಿಲ್ಲ. ರೆಕಾರ್ಡ್, ಪ್ಲೇ, ಪಾಸ್ ಮೂರನ್ನೂ ಒತ್ತಿಟ್ಟು, ಹಾಡು ಎತ್ತಿಕೊಳ್ಳುವ ಅರೆಗಳಿಗೆ ಮುಂಚೆ ಪಾಸ್ ಬಿಡಬೇಕು. ಮುಗಿದ ಮೇಲೆ ಮೂರು ನಾಲ್ಕು ಸೆಕೆಂಡ್ ಮೌನವನ್ನೂ ಓಡಲು ಬಿಟ್ಟು ಪಾಸ್ ಒತ್ತಬೇಕು. ಸ್ಟಾಪ್ ಒತ್ತಿದರೆ ಹಲವು ಸೆಟ್ಟುಗಳಲ್ಲಿ ‘ಟಪ್’ ಎಂಬ ಸದ್ದು ರೀಲಿನಲ್ಲೇ ಉಳಿಯುತ್ತದೆ.

ಮುಳ್ಳಿನ ಮೀಟರ್ ಇರುವ ಸೆಟ್ಟಾದರೆ ಮಟ್ಟವನ್ನು ಆರಂಭದ ಆಲಾಪ ಕೇಳಿ ನಿಗದಿ ಮಾಡಬಾರದು, ವಾದ್ಯಗಳೆಲ್ಲ ಒಟ್ಟಾಗಿ ಮೊಳಗುವ ಜಾಗ ಕೇಳಿ ಮಾಡಬೇಕು. ಮುಳ್ಳು ಆಗೀಗ ಕೆಂಪನ್ನು ಮುಟ್ಟಿ ಬಂದರೆ ಸರಿ. ಅಲ್ಲೇ ನಿಂತರೆ ದನಿ ಒಡೆಯುತ್ತದೆ, ತೀರಾ ಕೆಳಗಿದ್ದರೆ ‘ಸುಯ್’ ಎಂಬ ಸದ್ದಿನಲ್ಲಿ ಹಾಡು ಮುಳುಗುತ್ತದೆ.

ಬಾನುಲಿಯಿಂದ ತುಂಬಿಸುವವರು ಉದ್ಘೋಷಕರ ಮಾತು ಎಲ್ಲಿ ನಿಲ್ಲುತ್ತದೆಂದು ಊಹಿಸಬೇಕಿತ್ತು. ಮೀಡಿಯಂ ವೇವ್‌ನಲ್ಲಿ ಕೆಲವೊಮ್ಮೆ ಸಣ್ಣ ಸೀಟಿಯೂ ಸೇರಿಕೊಳ್ಳುತ್ತಿತ್ತು. ತುಂಬಿಸುವಾಗ ಸೆಟ್ಟಿನೊಳಗೆ ಕಂಪನ ಹುಟ್ಟಿಸುವ ಆಸಿಲೇಟರ್ ಸ್ಟೇಷನ್ನಿನ ತರಂಗಕ್ಕೆ ತಾಗಿ ಹುಟ್ಟುವ ಸೀಟಿ ಅದು. ಬೀಟ್ ಕಟ್ ಎಂಬ ಪುಟ್ಟ ಸ್ವಿಚ್ಚು ಇರುವುದು ಅದಕ್ಕಾಗಿಯೇ. ಕರೆಂಟ್ ಹೋಯಿತೆಂದು ಸೊರಗಿದ ಸೆಲ್ಲುಗಳಲ್ಲಿ ಮಾತ್ರ ತುಂಬಿಸಬಾರದು. ಮೋಟಾರು ನಿಧಾನವಾಗಿ ಓಡಿದಾಗ ತುಂಬಿದ ಹಾಡು, ಮರುದಿನ ಸರಿಯಾದ ವೇಗದಲ್ಲಿ ಕೀಚಲಾಗಿ ಕೇಳುತ್ತದೆ.

ಸೆಟ್ಟು ರೀಲು ನುಂಗಿದರೆ ಎಳೆಯಬೇಡಿ. ಮುಚ್ಚಳ ತೆಗೆದು, ರಬ್ಬರ್ ರೋಲರನ್ನು ಹಿಂದಕ್ಕೆ ತಿರುಗಿಸುತ್ತಾ ಬಿಡಿಸಿ. ಸಾಮಾನ್ಯವಾಗಿ ತಪ್ಪು ಕ್ಯಾಸೆಟ್ಟಿನದಲ್ಲ, ಆ ರೋಲರ್‌ಗೆ ಮೆತ್ತಿದ ಕಂದು ಪುಡಿಯದು. ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ, ರೀಲಿಗೆ ತಾಗಿ ದನಿ ಓದುವ ಹೆಡ್ಡನ್ನೂ ರೀಲನ್ನು ಎಳೆಯುವ ಲೋಹದ ಕಡ್ಡಿಯನ್ನೂ ಒರೆಸಿ. ರಬ್ಬರನ್ನು ಮೆಲ್ಲಗೆ, ಸ್ವಲ್ಪದರಲ್ಲೇ ಒರೆಸಿದರೆ ಸಾಕು. ಹರಿದ ರೀಲಿಗೆ, ರೀಲು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪೇ ಆಗಬೇಕು. ಸೆಲ್ಲೋ ಟೇಪಿನ ಅಂಟು ದಿನ ಕಳೆದಂತೆ ಒಸರಿ ಪಕ್ಕದ ಸುತ್ತುಗಳಿಗೂ ಹೆಡ್ಡಿಗೂ ಹತ್ತುತ್ತದೆ. ಬೆಂಗಳೂರಿನ ಮಳೆಗಾಲದ ತೇವಕ್ಕೆ ಬಿಳಿ ಬೂಷ್ಟು ಹಿಡಿದ ಕ್ಯಾಸೆಟ್ ಕಪಾಟಿನಲ್ಲಿ ಸಿಕ್ಕರೆ, ಬೂಷ್ಟು ತೆಗೆಯುವವರೆಗೆ ಅದನ್ನು ಒಳ್ಳೆಯ ಸೆಟ್ಟಿಗೆ ಹಾಕಲೇಬೇಡಿ.

ಎಲ್ಲ ತುಂಬಿದ ಮೇಲೆ ಬೆನ್ನಿನ ಅಂಚಿನ ಎರಡು ಚಿಪ್ಪುಗಳನ್ನು ಮುರಿದರೆ ಅದರ ಮೇಲೆ ಬೇರೆಯವರು ತುಂಬಿಸಲಾರರು. ಸೈಡ್ ಎ ನಮ್ಮೆಡೆಗಿದ್ದು, ರೀಲು ಕಾಣುವ ಅಂಚು ಕೆಳಗಿದ್ದರೆ ಎಡಗಡೆಯದು ಆ ಸೈಡಿನ ಚಿಪ್ಪು. ಮತ್ತೆ ತುಂಬಿಸುವ ಮನಸ್ಸಾದರೆ ಆ ತೂತಿಗೆ ಸೆಲ್ಲೋ ಟೇಪು ಅಂಟಿಸಿದರಾಯಿತು. ಕ್ರೋಮ್ ಕ್ಯಾಸೆಟ್ಟಾದರೆ, ಅಂದರೆ ರೀಲಿಗೆ ಕ್ರೋಮಿಯಂ ಡೈಆಕ್ಸೈಡ್ ಬಗೆಯ ಲೇಪನವಿದ್ದರೆ, ಪಕ್ಕದಲ್ಲೇ ಇನ್ನೊಂದು ತೂತಿರುತ್ತದೆ, ಅದನ್ನು ಮಾತ್ರ ಮುಚ್ಚಬೇಡಿ. ತನ್ನೊಳಗೆ ಯಾವ ಬಗೆಯ ರೀಲಿದೆ ಎಂಬುದು ಡೆಕ್ಕಿಗೆ ಗೊತ್ತಾಗುವುದು ಅದರಿಂದಲೇ.

ನಮಸ್ಕಾರ.