ಮಳೆಯ ಪಾಲು ಕಳೆದು ಉಳಿದದ್ದು

(ವಿಜಯಪುರದಲ್ಲಿ ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಯೋಜನೆಯ ಗುರಿ, ಅಳತೆಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಲಾಗ್‌ಫ್ರೇಮ್ ನಿಮಗೆ ಹೊಸದಲ್ಲ. 1969ರಲ್ಲಿ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ಗಾಗಿ ಹುಟ್ಟಿದ ನಾಲ್ಕು ಸಾಲು, ನಾಲ್ಕು ಕಾಲಮ್ಮಿನ ಆ ಕೋಷ್ಟಕವನ್ನು ಹೊರದೇಶದ ಹಣ ಬೇಡುವ ಅರ್ಜಿಗಳು ಇವತ್ತಿಗೂ ಕೇಳುತ್ತವೆ. ಗುರಿ, ಸೂಚಕ, ಪುರಾವೆ ಎಲ್ಲ ಚಂದ ತುಂಬುತ್ತೀರಿ. ಕೊನೆಯ ಕಾಲಮ್ಮು 'ಊಹೆಗಳು'. ಅಲ್ಲಿ ಬರೆಯುವುದು ಒಂದೇ ಸಾಲು: "ಮಳೆ ಸಕಾಲಕ್ಕೆ ಆಗುತ್ತದೆ." ಅದೂ ವಿಜಯಪುರ ಜಿಲ್ಲೆಯಲ್ಲಿ ಕೂತು!

ಇಂಡಿ ಕಡೆಯ ಒಂದು ಊರು ಅಂತ ಇಟ್ಟುಕೊಳ್ಳಿ. ಎರಿ ಹೊಲ, ಹಿಂಗಾರಿ ಬಿಳಿಜೋಳ, 40 ಕೃಷಿ ಹೊಂಡದ ಯೋಜನೆ. ಹೊಂಡ ತೋಡುವುದು ಚಟುವಟಿಕೆ. ನೀರು ನಿಂತ ಹೊಂಡ ಔಟ್‌ಪುಟ್, ಅಂದರೆ ಕೆಲಸದ ನೇರ ಫಲ. ಜೋಳ ಹೊಡೆಗೆ ಬಂದಾಗ ಒಂದು ನೀರು ಹಾಯಿಸಿ ಇಳುವರಿ ಉಳಿಸಿಕೊಂಡರೆ ಅದು ಔಟ್‌ಕಮ್, ಅಂದರೆ ಆ ಫಲದಿಂದ ರೈತನಿಗಾದ ಬದಲಾವಣೆ. ವರದಿಗಳು ಸಾಮಾನ್ಯವಾಗಿ ಎರಡನೇ ಮೆಟ್ಟಿಲಲ್ಲೇ ಕೂತು ಚಹಾ ಕುಡಿಯುತ್ತವೆ. ತರಬೇತಿಯ ಹಾಜರಿ ಪಟ್ಟಿಯೂ ಹಂಗೇ. ಯಾರು ಕಲಿತರು ಅನ್ನುವುದಕ್ಕಿಂತ ಯಾರು ಊಟ ಮಾಡಿದರು ಅನ್ನುವುದಕ್ಕೆ ಅದು ಗಟ್ಟಿ ಪುರಾವೆ.

ಬೇಸ್‌ಲೈನ್, ಅಂದರೆ ಶುರುವಿನ ಸ್ಥಿತಿಯ ಅಳತೆ, ಜೆಸಿಬಿ ಬರುವ ಮುಂಚೆ ಆಗಬೇಕು. ಆಮೇಲೆ ನೆನಪಾದರೆ "ಮೂರು ವರ್ಷದ ಹಿಂದ ಎಷ್ಟು ಬೆಳೀತಿದ್ರಿ?" ಅಂತ ಕೇಳಬೇಕಾಗುತ್ತದೆ, ರೈತನ ನೆನಪಿಗೆ ಮೊದಲು ಬರುವುದು ಬರಗಾಲ. ಋತುವೂ ಒಂದೇ ಇರಬೇಕು. ಮೇ ತಿಂಗಳಲ್ಲಿ ಬಾವಿ ಅಳೆದು, ಕೊನೆಯ ಅಳತೆಯನ್ನು ನವೆಂಬರಿನಲ್ಲಿ ಮಾಡಿದರೆ, ಗುದ್ದಲಿ ಮುಟ್ಟದ ಊರಲ್ಲೂ ನೀರು ಏರಿರುತ್ತದೆ.

ಈಗ ಲೆಕ್ಕ. ನಿಮ್ಮ ಊರಲ್ಲಿ ಎಕರೆಗೆ 4 ಕ್ವಿಂಟಲ್ ಇದ್ದದ್ದು 6 ಆಯಿತು. ಭೇಷ್! ಆದರೆ ಹೊಂಡ ಇಲ್ಲದ ಊರಲ್ಲಿ ಅದೇ ಅವಧಿಯಲ್ಲಿ 4 ಇದ್ದದ್ದು ಐದೂವರೆ ಆಗಿದೆ. ಒಂದೂವರೆ ಮಳೆಯ ಪಾಲು, ಹೊಂಡದ್ದು ಅರ್ಧ. ಮಳಿ ಮಾಡಿದ್ದನ್ನ ಯೋಜನಾ ಮಾಡ್ತು ಅಂತ ಬರೀಬ್ಯಾಡ್ರಿ. ಬರ ಬಿದ್ದ ವರ್ಷ ಇದೇ ಲೆಕ್ಕ ನಿಮ್ಮ ಕೈ ಹಿಡಿಯುತ್ತದೆ: ಇಲ್ಲಿ 4 ಇದ್ದದ್ದು 3ಕ್ಕೆ ಇಳಿದು, ಅಲ್ಲಿ 2ಕ್ಕೆ ಇಳಿದಿದ್ದರೆ, ಇಳಿದ ಅಂಕಿಯಲ್ಲೂ ಯೋಜನೆ ಗೆದ್ದಿದೆ.

ಹೋಲಿಕೆಯ ಊರಿಗೆ ಮಣ್ಣು, ಮಳೆ, ಬೆಳೆ ಒಂದೇ ಇರಲಿ. ನಿಮ್ಮ ಹಳ್ಳದ ಕೆಳದಂಡೆಯ ಊರು ಮಾತ್ರ ಬೇಡ; ಮೇಲೆ ತಡೆದ ನೀರು ಅದರ ಪಾಲಿನದೂ ಆಗಿರಬಹುದು. ಒಂದೊಂದೇ ಊರು ಸಾಲದು. ಆ ವರ್ಷ ಅಲ್ಲಿ ಕೀಡೆ ಬಿದ್ದರೆ ಹೋಲಿಕೆಯೇ ಕೆಟ್ಟಿತು.

ಪ್ರಶ್ನಾವಳಿಯಲ್ಲಿ "ಎಷ್ಟು ಚೀಲ" ಅಂತಷ್ಟೇ ಕೇಳಬೇಡಿ. ಒಬ್ಬರ ಚೀಲ ಕ್ವಿಂಟಲ್, ಇನ್ನೊಬ್ಬರದು ಗೊಬ್ಬರದ ಚೀಲ. ತೂಕ ಕೇಳಿ. ಕಣಿಕೆಯನ್ನೂ ಕೇಳಿ. ದನ ಕಟ್ಟಿದ ಮನೆಗೆ ಕಾಳಿನಷ್ಟೇ ಕಣಿಕೆಯೂ ಆದಾಯ. ಮೇವಿನ ಲೆಕ್ಕ ಬಲ್ಲವರು ಮನೆಯ ಹೆಣ್ಣುಮಕ್ಕಳು, ಆದರೆ ಸಮೀಕ್ಷೆ ಕಟ್ಟೆಯ ಮೇಲೆ ಕೂತ ಗಂಡಸರಲ್ಲೇ ಮುಗಿದಿರುತ್ತದೆ.

ಚೀಟಿ ಬಂತು, ಐದೇ ನಿಮಿಷ ಅಂತೆ. ಶ್ರೀಮಂತ ದೇಶಗಳ ಕೂಟ ಒಇಸಿಡಿಯ ಮೌಲ್ಯಮಾಪನ ಮಾನದಂಡಗಳಿಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ. 1991ರ ಐದು: ಪ್ರಸ್ತುತತೆ, ಪರಿಣಾಮಕಾರಿತ್ವ, ದಕ್ಷತೆ, ಪ್ರಭಾವ, ಸುಸ್ಥಿರತೆ. 2019ರಲ್ಲಿ ಆರನೆಯದು ಸೇರಿತು, ಬೇರೆ ಯೋಜನೆಗಳೊಂದಿಗಿನ ಹೊಂದಾಣಿಕೆ. ಸರ್ಕಾರದ ಕೃಷಿಭಾಗ್ಯ ಯೋಜನೆಯ ಹೊಂಡ ಮೊದಲೇ ಇರುವ ಹೊಲ ನಿಮ್ಮ ಪಟ್ಟಿಯಲ್ಲಿದೆಯೇ ಅಂತ ನೋಡಿದರೆ ಅದು ಅರ್ಥವಾಗುತ್ತದೆ. ಸುಸ್ಥಿರತೆಗೆ ಒಂದೇ ಪ್ರಶ್ನೆ: ಹೂಳು ಯಾರು ತೆಗೆಯುತ್ತಾರೆ?

ಕೊನೆಗೆ ಒಂದು ದಿನಾಂಕದ ಮಾತು. ಡಿಸೆಂಬರಿಗೆ ಲೆಕ್ಕ ಮುಚ್ಚುವ ದಾನಿಗಳು ಆ ತಿಂಗಳೇ ಅಂತಿಮ ವರದಿ ಕೇಳುತ್ತಾರೆ. ಆಗ ನಮ್ಮ ಜೋಳ ಇನ್ನೂ ಹೊಲದಲ್ಲಿ ನಿಂತಿರುತ್ತದೆ. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಕೊನೆಯ ಸಮೀಕ್ಷೆಯನ್ನು ಮಾರ್ಚಿಗೆ, ರಾಶಿ ಮುಗಿದ ಮೇಲೆ ಅಂತ ಬರೆಸಿಕೊಳ್ಳಿ. ಅದರ ಖರ್ಚನ್ನೂ ಬಜೆಟ್ಟಿನಲ್ಲಿ ಬೇರೆ ತೆಗೆದಿಡಿ. ಪ್ರಶ್ನೆ ಇದ್ದರ ಈಗ ಕೇಳ್ರಿ.